ಹಡಗಿನ ಸೇಫ್ಟಿ ಆಫೀಸರ್‌ಗೆ ಕೋರ್ಸಿನಾಚೆ ಏನು ಕಲಿಯಲು ಉಂಟು?

ಪ್ರಶ್ನೆ: ನಾನು ಕುಮಟಾ ಕಡೆಯವನು, ಅದಿರು, ಕಲ್ಲಿದ್ದಲಿನಂಥ ಸರಕನ್ನು ರಾಶಿಯಾಗಿ ಸಾಗಿಸುವ ಬಲ್ಕ್ ಕ್ಯಾರಿಯರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್. ಫಸ್ಟ್ ಮೇಟ್ ಪರೀಕ್ಷೆ ಪಾಸಾಗಿದೆ. ಮುಂದಿನ ಕಾಂಟ್ರ್ಯಾಕ್ಟಿಗೆ ಚೀಫ್ ಆಫೀಸರ್ ಆಗಿ ಕಳಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದಾರೆ. ನಮ್ಮಲ್ಲಿ ಚೀಫ್ ಆಫೀಸರೇ ಹಡಗಿನ ಸೇಫ್ಟಿ ಆಫೀಸರ್. ಬೇಕಾದ ಸರ್ಟಿಫಿಕೇಟ್‌ಗಳೆಲ್ಲ ಇವೆ, ಆದರೂ ಧೈರ್ಯ ಸಾಲುತ್ತಿಲ್ಲ. ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥರು, ನನ್ನ ತಂದೆಯ ವಯಸ್ಸಿನವರು. ಎರಡು ತಿಂಗಳು ರಜೆ ಉಂಟು. ಇನ್ನೊಂದು ಸೇಫ್ಟಿ ಕೋರ್ಸ್ ಮಾಡಲೇ, ಅಥವಾ ಬೇರೇನಾದರೂ ಕಲಿಯಬೇಕೇ?

ಉತ್ತರ: ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಸ್ವಲ್ಪ ತಾಳಿ. ನಿಮ್ಮ ಫೈಲಿನಲ್ಲಿ ಈಗಾಗಲೇ ಏನಿದೆ ನೋಡೋಣ. ಕೆಡೆಟ್ ಆಗಿ ಹಡಗು ಹತ್ತುವ ಮೊದಲೇ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಕಲಿತಿರಿ. ಆಮೇಲೆ ಅಡ್ವಾನ್ಸ್‌ಡ್ ಫೈರ್ ಫೈಟಿಂಗ್, ಲೈಫ್‌ಬೋಟ್ ಇಳಿಸುವ ಕೋರ್ಸ್, ಮೆಡಿಕಲ್ ಕೋರ್ಸ್. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯುಗೆ 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿ ಆದ ಮೇಲೆ ಬಂದ ಲೀಡರ್‌ಶಿಪ್ ಕೋರ್ಸೂ ಆಗಿರುತ್ತದೆ. ಎಲ್ಲವೂ ಬೇಕಾದವೇ. ಆದರೆ ಇವುಗಳಲ್ಲಿ ಹೆಚ್ಚಿನವು ಬೆಂಕಿ ಹತ್ತಿದ ಮೇಲೆ, ಹಡಗು ವಾಲಿದ ಮೇಲೆ, ಮನುಷ್ಯ ಬಿದ್ದ ಮೇಲೆ ಮಾಡುವ ಕೆಲಸಗಳು. ಸೇಫ್ಟಿ ಆಫೀಸರ್ ಕೆಲಸದ ಬಹುಪಾಲು ಅದಕ್ಕಿಂತ ಮೊದಲೇ ನಡೆಯಬೇಕು. ನಡೆಯುತ್ತಿರುವ ಕೆಲಸವನ್ನು ನಿಂತು ನೋಡಬೇಕು, ಏನೋ ಸರಿಯಿಲ್ಲ ಅನಿಸಿದರೆ ನಿಲ್ಲಿಸಬೇಕು, ಕೈಕೆಳಗಿನವರೂ ಹೆದರದೆ ನಿಲ್ಲಿಸುವ ಹಾಗೆ ಮಾಡಬೇಕು. ನಮ್ಮ ತರಬೇತಿಯಲ್ಲಿ ತೀರಾ ಕಡಿಮೆ ಅಭ್ಯಾಸ ಸಿಗುವುದು ಇದಕ್ಕೇ. ನಿಮಗೆ ಧೈರ್ಯ ಸಾಲದಿರುವುದೂ ಇಲ್ಲೇ ಎಂದು ನನ್ನ ಊಹೆ. ಅದಕ್ಕೆ ಎರಡು ತಿಂಗಳು ಧಾರಾಳ ಸಾಕು.

ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಕಥೆಯನ್ನು ನೀವು ಪರೀಕ್ಷೆಗೆ ಓದಿರುತ್ತೀರಿ. ಈಗ ಆ ಹಡಗಿನ ಚೀಫ್ ಆಫೀಸರ್ ನೀವೇ ಎಂದುಕೊಂಡು ಮತ್ತೊಮ್ಮೆ ಓದಿ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರಗ್ ಬಂದರಿನಿಂದ ಹೊರಟ ಈ ಫೆರಿ ಮುಂಭಾಗದ ಬಾಗಿಲು ತೆರೆದಿಟ್ಟುಕೊಂಡೇ ಸಮುದ್ರಕ್ಕೆ ಬಂತು, ಕಾರುಗಳಿದ್ದ ಡೆಕ್ಕಿಗೆ ನೀರು ನುಗ್ಗಿ ಮಗುಚಿತು, 193 ಮಂದಿ ಸತ್ತರು. ಬಾಗಿಲು ಮುಚ್ಚಬೇಕಿದ್ದ ಅಸಿಸ್ಟೆಂಟ್ ಬೋಸನ್ ಕ್ಯಾಬಿನ್ನಿನಲ್ಲಿ ನಿದ್ದೆಯಲ್ಲಿದ್ದ. ಮುಚ್ಚಿದೆಯೇ ಎಂದು ನೋಡಿಕೊಳ್ಳಬೇಕಿದ್ದ ಚೀಫ್ ಆಫೀಸರ್‌ಗೆ ಹಡಗು ಹೊರಡುವ ಹೊತ್ತಿಗೆ ಬ್ರಿಜ್ಜಿನಲ್ಲೂ ಇರಬೇಕೆಂಬ ಆದೇಶವಿತ್ತು. ಕಾರ್ ಡೆಕ್ಕಿನಿಂದ ಕೊನೆಗೆ ಹೊರಟ ಬೋಸನ್‌ಗೆ ಬಾಗಿಲು ಮುಚ್ಚುವುದು ತನ್ನ ಕೆಲಸ ಅನಿಸಲಿಲ್ಲ. ತೆರೆದಿದೆ ಎಂದು ಯಾರೂ ಬಂದು ಹೇಳದ ಕಾರಣ ಕ್ಯಾಪ್ಟನ್ ಮುಚ್ಚಿದೆ ಎಂದುಕೊಂಡರು. ಬಾಗಿಲು ಮುಚ್ಚಿದೆಯೋ ಇಲ್ಲವೋ ತೋರಿಸುವ ದೀಪವೊಂದನ್ನು ಬ್ರಿಜ್ಜಿನಲ್ಲಿ ಹಾಕಿಸಿಕೊಡಿ ಎಂದು ಆ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ದಡದ ಆಫೀಸಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಡಗುಗಳ ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಕೋಡ್ ಹುಟ್ಟಿಗೆ ಈ ದುರಂತ ದೊಡ್ಡ ಕಾರಣ. 1993ರಲ್ಲಿ ಒಪ್ಪಿಗೆಯಾಗಿ 1998ರ ಜುಲೈ 1ರಿಂದ ಪ್ರಯಾಣಿಕ ಹಡಗು, ಟ್ಯಾಂಕರ್, ಬಲ್ಕ್ ಕ್ಯಾರಿಯರ್‌ಗಳಿಗೆ ಕಡ್ಡಾಯವಾಯಿತು. ಅದರಲ್ಲಿ ಎರಡು ಮಾತು ನಿಮಗೆ ಬಾಯಿಗೆ ಬರುವಂತಿರಬೇಕು. ಸುರಕ್ಷತೆಯ ವಿಷಯದಲ್ಲಿ ಕ್ಯಾಪ್ಟನ್ನರ ತೀರ್ಮಾನವೇ ಅಂತಿಮ ಎಂಬುದು ಒಂದು. ದಡದಲ್ಲಿ ಡಿಪಿಎ ಎಂಬ ಒಬ್ಬ ವ್ಯಕ್ತಿ ಇರಬೇಕು, ಅವರಿಗೆ ಕಂಪನಿಯ ಅತಿ ಮೇಲಿನವರ ಬಳಿ ನೇರವಾಗಿ ಹೋಗುವ ಹಕ್ಕಿರಬೇಕು ಎಂಬುದು ಇನ್ನೊಂದು. ಡಿಪಿಎ ಫೋನ್ ನಂಬರ್ ಪ್ರತಿ ಹಡಗಿನ ಮೆಸ್ ರೂಮಿನ ಗೋಡೆಯ ಮೇಲೆ ಇರುತ್ತದೆ, ಅದಕ್ಕೆ ಫೋನ್ ಮಾಡಿದವರು ಮಾತ್ರ ಬಹಳ ಕಡಿಮೆ. ರಜೆಯಲ್ಲಿರುವಾಗಲೇ ನಿಮ್ಮ ಕಂಪನಿಯ ಡಿಪಿಎ ಜೊತೆ ಒಮ್ಮೆ ಮಾತಾಡಿ, ಪರಿಚಯ ಮಾಡಿಕೊಳ್ಳಿ. ಕಷ್ಟ ಬಂದ ದಿನ ಅಪರಿಚಿತರಿಗೆ ಫೋನ್ ಮಾಡಲು ಕೈ ಏಳುವುದಿಲ್ಲ.

ಝೀಬ್ರಗ್‌ನಿಂದ ನೀವು ತೆಗೆದುಕೊಳ್ಳಬೇಕಾದ ಅಭ್ಯಾಸ ತುಂಬ ಸಣ್ಣದು. ಯಾರೂ ಏನೂ ಹೇಳಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ತಿಳಿಯಬೇಡಿ. “ಹ್ಯಾಚ್ ಮುಚ್ಚಿದೆ, ಕ್ಲೀಟ್ ಹಾಕಿದೆ, ನಾನೇ ನೋಡಿದೆ” ಎಂದು ಒಬ್ಬರು ಬಾಯಿಬಿಟ್ಟು ಹೇಳುವ ತನಕ ಅದು ತೆರೆದೇ ಇದೆ ಎಂದು ಹಿಡಿಯಿರಿ.

ಈಗ ಮ್ಯಾನ್‌ಹೋಲಿನ, ಅಂದರೆ ಟ್ಯಾಂಕಿಗೆ ಇಳಿಯುವ ಕಿಂಡಿಯ, ಬಾಯಿಗೆ ಬರೋಣ. ಇಂಥ ಮುಚ್ಚಿದ ಜಾಗಕ್ಕೆ ಇಳಿಯಲು ಬೇಕಾದ ಪರ್ಮಿಟ್‌ಗೆ ಬಲ್ಕ್ ಹಡಗಿನ ಚೀಫ್ ಆಫೀಸರ್ ಮತ್ತೆ ಮತ್ತೆ ಸಹಿ ಹಾಕಬೇಕಾಗುತ್ತದೆ. ಹಡಗಿನ ಸಮತೋಲಕ್ಕೆ ನೀರು ತುಂಬುವ ಬಲಾಸ್ಟ್ ಟ್ಯಾಂಕ್, ಲಂಗರಿನ ಸರಪಳಿ ಇಡುವ ಚೈನ್ ಲಾಕರ್‌ಗಳಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತ ಒಳಗಿನ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ ತುಂಬಿದ ಹೋಲ್ಡಿನಲ್ಲಿ, ಹೋಲ್ಡಿಗೆ ಇಳಿಯುವ ಏಣಿಯ ಗೂಡಿನಲ್ಲಿ ಕೂಡ ಇದೇ ಆಗುತ್ತದೆ. ಅಲ್ಲಿ ವಾಸನೆಯಿಲ್ಲ, ಬಣ್ಣವಿಲ್ಲ. ಹೊರಗಿನ ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಒಳಗೆ ಶೇ. 10ಕ್ಕಿಂತ ಕೆಳಗಿಳಿದಿದ್ದರೆ, ಇಳಿದವನಿಗೆ ಉಸಿರು ಕಟ್ಟಿದ ಅನುಭವವೂ ಆಗದೆ ಪ್ರಜ್ಞೆ ತಪ್ಪುತ್ತದೆ. ಮೇಲೆ ನಿಂತವನಿಗೆ ಗೆಳೆಯ ಬಿದ್ದದ್ದು ಕಾಣುತ್ತದೆ, ಅವನೂ ಇಳಿಯುತ್ತಾನೆ. ಇಂಥ ಅಪಘಾತಗಳ ವರದಿಗಳನ್ನು ಓದಿದರೆ ಎರಡನೆಯ ಸಾವು, ಕೆಲವೊಮ್ಮೆ ಮೂರನೆಯದೂ, ಕಾಪಾಡಲು ಇಳಿದವರದ್ದೇ. ಅವರಲ್ಲಿ ಆಫೀಸರ್‌ಗಳೂ ಇರುತ್ತಾರೆ, ಎಲ್ಲ ಕೋರ್ಸ್ ಮಾಡಿದವರು.

ನಿಯಮಗಳಿಗೆ ಇಲ್ಲಿ ಕೊರತೆಯಿಲ್ಲ. 2015ರ ಜನವರಿಯಿಂದ ಎರಡು ತಿಂಗಳಿಗೊಮ್ಮೆ ಮುಚ್ಚಿದ ಜಾಗದ ಪ್ರವೇಶ ಮತ್ತು ರಕ್ಷಣೆಯ ಡ್ರಿಲ್ ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಪ್ರಕಾರ ಕಡ್ಡಾಯ. 2016ರ ಜುಲೈಯಿಂದ ಹಡಗಿನಲ್ಲೇ ಗ್ಯಾಸ್ ಮೀಟರ್ ಇರಬೇಕು. ವಿಶ್ವಸಂಸ್ಥೆಯ ಕಡಲಯಾನ ಸಂಸ್ಥೆಯಾದ ಐಎಂಒದ ಮಾರ್ಗಸೂಚಿಯ ಪ್ರಕಾರ ಆಮ್ಲಜನಕ ಸ್ಥಿರವಾಗಿ ಶೇ. 21 ಇರಬೇಕು, ಉರಿಯುವ ಅನಿಲ ಅದು ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣದ ಶೇ. 1ನ್ನು ಮೀರಬಾರದು, ವಿಷಾನಿಲ ಅನುಮತಿಸಿದ ಮಿತಿಯ ಅರ್ಧಕ್ಕಿಂತ ಹೆಚ್ಚಿರಬಾರದು. ಇದೆಲ್ಲ ಚೆಕ್‌ಲಿಸ್ಟಿನಲ್ಲಿ ಅಚ್ಚಾಗಿಯೇ ಇರುತ್ತದೆ.

ತರಬೇತಿಯಲ್ಲಿ ನಾನು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಆಳವಾದ ಟ್ಯಾಂಕಿನ ಮಾದರಿ, ಅದಕ್ಕೊಂದು ಮ್ಯಾನ್‌ಹೋಲ್, ಕೆಲಸ ಮಾಡುವ ಸ್ಥಿತಿಯ ಮೀಟರ್, ಒಂದು ಪರ್ಮಿಟ್. ಮೀಟರಿನ ಟ್ಯೂಬ್ ಮಾತ್ರ ಗಿಡ್ಡ, ಟ್ಯಾಂಕಿನ ತಳ ಮುಟ್ಟುವಷ್ಟು ಉದ್ದವಿಲ್ಲ. ಹತ್ತಿರದಲ್ಲೇ ಒಬ್ಬ ಎಬಿ (ಪಳಗಿದ ಡೆಕ್ ನಾವಿಕ) ಹೆಲ್ಮೆಟ್ ಹಾಕಿಕೊಂಡು ಇಳಿಯಲು ತಯಾರಾಗಿ ನಿಂತಿರುತ್ತಾನೆ. ಎರಡು ನಿಮಿಷಕ್ಕೊಮ್ಮೆ ವಾಕಿಟಾಕಿಯಲ್ಲಿ ನಾನೇ ಕ್ಯಾಪ್ಟನ್ ಆಗಿ ಕೇಳುತ್ತೇನೆ: “ಚೀಫ್, ಇನ್ನೆಷ್ಟು ಹೊತ್ತು? ಮೂರಕ್ಕೆ ಪೈಲಟ್ ಬರುತ್ತಾರೆ.” ಟ್ಯೂಬ್ ಇಳಿಬಿಟ್ಟ ಕೂಡಲೇ ಮೀಟರ್ 20.9 ತೋರಿಸುತ್ತದೆ, ಏಕೆಂದರೆ ಅದು ಎಳೆಯುತ್ತಿರುವುದು ಮ್ಯಾನ್‌ಹೋಲಿನ ಬಾಯಿ ಹತ್ತಿರದ ಗಾಳಿಯನ್ನು. ಪರ್ಮಿಟ್‌ನಲ್ಲಿ “ಮೇಲೆ, ನಡುವೆ, ಕೆಳಗೆ ಪರೀಕ್ಷಿಸಿದೆ” ಎಂಬ ಮೂರು ಚೌಕ ಇರುತ್ತವೆ. ಒಳ್ಳೆಯ ಅಂಕ ತೆಗೆದ ಹುಡುಗರು, ಕೆಲಸದಲ್ಲಿ ಪಳಗಿದವರು, ಮೂರಕ್ಕೂ ಟಿಕ್ ಹಾಕಿ ಸಹಿ ಮಾಡುತ್ತಾರೆ. ನಿಯಮ ಗೊತ್ತಿಲ್ಲವೇ ಎಂದು ಕೇಳಿದರೆ ಎಲ್ಲರಿಗೂ ಗೊತ್ತು. ಕಾಯುತ್ತಿರುವ ಎಬಿ, ಕೇಳುತ್ತಿರುವ ಕ್ಯಾಪ್ಟನ್, ಕೈಯಲ್ಲಿರುವ ಒಳ್ಳೆಯ ರೀಡಿಂಗ್ ಈ ಮೂರೂ ಸೇರಿ ಅವರನ್ನು ಮುಂದಕ್ಕೆ ತಳ್ಳಿರುತ್ತವೆ. “ಸರ್, ಟ್ಯೂಬ್ ತಳ ಮುಟ್ಟುತ್ತಿಲ್ಲ. ಉದ್ದದ್ದು ಸಿಗುವ ತನಕ ಯಾರನ್ನೂ ಇಳಿಸುವುದಿಲ್ಲ” ಎಂಬ ಮಾತನ್ನು ಬಾಯಿಂದ ಹೊರಡಿಸುವುದೇ ಇಲ್ಲಿನ ಪಾಠ. ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಮನಸ್ಸಿನಲ್ಲಿ ಅಂದುಕೊಂಡದ್ದು ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ಹಡಗು ಸೇರಿದ ಮೇಲೆ ಮಾಡುವ ಮೊದಲ ಮುಚ್ಚಿದ ಜಾಗದ ಡ್ರಿಲ್ಲಿನಲ್ಲಿ ಇನ್ನೂ ಒಂದನ್ನು ನೋಡಿ. ಬೆನ್ನಿಗೆ ಬ್ರೀದಿಂಗ್ ಸೆಟ್ಟಿನ ಬಾಟ್ಲಿ ಕಟ್ಟಿಕೊಂಡ ದಪ್ಪ ಆಳು ನಿಮ್ಮ ಹಡಗಿನ ಮ್ಯಾನ್‌ಹೋಲಿನಲ್ಲಿ ತೂರುತ್ತಾನೆಯೇ? ಒಳಗಿನ ಫ್ರೇಮ್‌ಗಳ ಕಿಂಡಿ ದಾಟುತ್ತಾನೆಯೇ? ಸ್ಟ್ರೆಚರ್ ನೆಟ್ಟಗೆ ಮೇಲೆ ಬರುತ್ತದೆಯೇ? ಗಾಳಿ ಚೆನ್ನಾಗಿದೆ ಎಂದು ಖಚಿತವಾದ ಟ್ಯಾಂಕಿನಲ್ಲಿ ಒಂದು ಡಮ್ಮಿಯನ್ನು ಎಳೆದು ತೆಗೆದು ನೋಡಿ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಡೆಕ್ಕಿನವರೆಲ್ಲ ಕಣ್ಣಾರೆ ಕಂಡರೆ, ಒಳಗೆ ಇಳಿಯುವ ಮೊದಲಿನ ಎಚ್ಚರಿಕೆ ಯಾಕೆ ಎಂದು ಮತ್ತೆ ಭಾಷಣ ಮಾಡಬೇಕಾಗಿಲ್ಲ.

ಬಲ್ಕ್ ಹಡಗಿನವರಾದ್ದರಿಂದ ನಮ್ಮ ಕರಾವಳಿಯದೇ ಒಂದು ಉದಾಹರಣೆ ಕೊಡುತ್ತೇನೆ. 2009ರ ಜುಲೈನಲ್ಲಿ, ನಡು ಮಳೆಗಾಲದಲ್ಲಿ, ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ವಾಲಿ ಮುಳುಗಿತು. ಅದರ ಸಿಬ್ಬಂದಿ ಬದುಕಿ ಬಂದರು. ಎರಡೇ ತಿಂಗಳಲ್ಲಿ ಪಾರಾದೀಪ್ ಬಳಿ ಅದಿರು ತುಂಬಿದ್ದ ಬ್ಲ್ಯಾಕ್ ರೋಸ್ ಮುಳುಗಿತು. ಒದ್ದೆ ಪುಡಿ ನೋಡಲು ಒಣ ಮಣ್ಣಿನ ರಾಶಿಯ ಹಾಗೇ ಇರುತ್ತದೆ. ಎಂಜಿನ್ ನಡುಕಕ್ಕೆ, ಅಲೆಯ ಹೊಡೆತಕ್ಕೆ ಕಣಗಳು ಒತ್ತಿಕೊಂಡಾಗ ನಡುವಿನ ನೀರಿನ ಒತ್ತಡ ಏರಿ ರಾಶಿ ಇದ್ದಕ್ಕಿದ್ದಂತೆ ಕೆಸರಾಗಿ ಹರಿಯುತ್ತದೆ. ಹಡಗು ಒಂದು ಕಡೆಗೆ ಹೊರಳಿದಾಗ ಆ ಕಡೆ ಹರಿದ ಕೆಸರು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಪ್ರತಿ ಹೊರಳಿಗೂ ವಾಲು ಸ್ವಲ್ಪ ಸ್ವಲ್ಪ ಹೆಚ್ಚುತ್ತ ಹೋಗುತ್ತದೆ.

ರಾಶಿಯಾಗಿ ತುಂಬುವ ಘನ ಸರಕುಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಂಎಸ್‌ಬಿಸಿ ಕೋಡ್ ಪ್ರಕಾರ ಸರಕಿನವರು ತೇವಾಂಶದ ಸರ್ಟಿಫಿಕೇಟ್ ಕೊಡಬೇಕು. ಆ ಪರೀಕ್ಷೆ ಲೋಡಿಂಗಿಗೆ ಏಳು ದಿನಕ್ಕಿಂತ ಹಳೆಯದಾಗಿರಬಾರದು, ನಡುವೆ ಜೋರು ಮಳೆ ಬಿದ್ದರೆ ಮತ್ತೆ ಪರೀಕ್ಷಿಸಬೇಕು. ಕಾಗದ ಕೈಯಲ್ಲಿದ್ದರೂ ಚೀಫ್ ಆಫೀಸರ್ ಡೆಕ್ಕಿನ ಮೇಲೆಯೇ ಮಾಡಬಹುದಾದ ಒಂದು ಪರೀಕ್ಷೆ ಅದೇ ಕೋಡಿನಲ್ಲಿದೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬದಲ್ಲಿ ಅರ್ಧದಷ್ಟು ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಬಡಿಯಿರಿ, ಒಂದೆರಡು ಸೆಕೆಂಡಿಗೆ ಒಂದರಂತೆ. ಮೇಲೆ ನೀರು ಜಿನುಗಿದರೆ, ರಾಶಿ ತುಳುಕಿದರೆ, ಲೋಡಿಂಗ್ ಮುಂದುವರಿಸುವ ಮೊದಲು ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಆಗಬೇಕು. ನೀರು ಕಾಣಲಿಲ್ಲ ಎಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದು ತೀರ್ಮಾನಿಸುವ ಹಾಗೂ ಇಲ್ಲ. ಡಬ್ಬ ಬಡಿಯುವುದು ಕಷ್ಟವೇನಲ್ಲ. ಮಳೆಯಲ್ಲಿ ಟರ್ಮಿನಲ್‌ನವರು, ಏಜೆಂಟರು, ಸರಕಿನವರ ಸರ್ವೇಯರ್ ಸುತ್ತ ನಿಂತಿರುವಾಗ “ಮೂರನೇ ಹೋಲ್ಡ್ ನಿಲ್ಲಿಸಿ” ಎನ್ನುವುದು ಕಷ್ಟ. ಆ ಮಾತನ್ನು ನೀವು ಒಬ್ಬರೇ ಹೊರಬೇಕಾಗಿಲ್ಲ. ಕ್ಯಾಪ್ಟನ್ನರಿಗೆ ಕೂಡಲೇ ತಿಳಿಸಿ, ಫೋಟೊ ತೆಗೆಯಿರಿ, ಹೊತ್ತು ಬರೆದಿಡಿ, ಕಂಪನಿಗೂ ಅವರ ಮೂಲಕ ಹಡಗಿನ ಹೊಣೆಗಾರಿಕೆಯ ವಿಮೆ ನೋಡಿಕೊಳ್ಳುವ ಪಿ ಅಂಡ್ ಐ ಕ್ಲಬ್ಬಿನವರಿಗೂ ಸುದ್ದಿ ಹೋಗಲಿ. ಈ ಸರಣಿಯನ್ನು ರಜೆಯಲ್ಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬೋಸನ್ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ ಸಾಲು ಅದೇ. ಮೂವತ್ತು ವರ್ಷ ಡೆಕ್ಕಿನಲ್ಲಿ ಕಳೆದವರಿಗೆ ನೀವು ಸುರಕ್ಷತೆ ಕಲಿಸಲು ಹೋದರೆ ಅವರು “ಯೆಸ್ ಸರ್” ಎನ್ನುತ್ತಾರೆ, ಕೆಲಸ ಮಾತ್ರ ತಮ್ಮ ಹಳೇ ಪದ್ಧತಿಯಲ್ಲೇ ಮಾಡುತ್ತಾರೆ. ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ನೀವು ಕೊನೆಗೆ ಮಾತಾಡಿ. “ಬೋಸನ್ ಸಾಬ್, ಇವತ್ತು ಕ್ರೇನ್ ಮೇಲಿನ ಕೆಲಸ. ನೀವಾದರೆ ಎಲ್ಲಿಂದ ಶುರು ಮಾಡುತ್ತೀರಿ? ಎಲ್ಲಿ ಕೈಕೊಡಬಹುದು?” ಎಂದು ಕೇಳಿ ಸುಮ್ಮನಿರಿ. ಆಮೇಲೆ ತೀರಾ ಕಿರಿಯ ಓಎಸ್ (ಸಾಮಾನ್ಯ ನಾವಿಕ) ಹುಡುಗನನ್ನೂ ಕೇಳಿ. ಮೊದಲ ವಾರ ಯಾರೂ ಏನೂ ಹೇಳುವುದಿಲ್ಲ. ಒಂದು ದಿನ ಯಾರೋ ಒಬ್ಬ “ಆ ಹಗ್ಗ ಸರಿಯಿಲ್ಲ ಸರ್” ಎನ್ನುತ್ತಾನೆ. ಆಗ ಕೆಲಸ ನಿಲ್ಲಿಸಿ ಹಗ್ಗ ಬದಲಿಸಿ, ಎಷ್ಟೇ ಗಡಿಬಿಡಿ ಇದ್ದರೂ. ಹಗ್ಗ ಸರಿಯಾಗಿಯೇ ಇತ್ತು ಎಂದು ಆಮೇಲೆ ಗೊತ್ತಾದರೂ ಎಲ್ಲರ ಮುಂದೆ ಅವನಿಗೆ ಥ್ಯಾಂಕ್ಸ್ ಹೇಳಿ. ನೀವು ಹೇಗೆ ನಡೆದುಕೊಂಡಿರಿ ಎಂಬ ಸುದ್ದಿ ರಾತ್ರಿಯೊಳಗೆ ಗ್ಯಾಲಿ ತನಕ ಮುಟ್ಟಿರುತ್ತದೆ, ಮುಂದಿನ ಆರು ತಿಂಗಳು ನಿಮಗೆ ಸತ್ಯ ಕೇಳಿಸುತ್ತದೆಯೋ ಇಲ್ಲವೋ ಅಲ್ಲೇ ನಿರ್ಧಾರವಾಗುತ್ತದೆ.

ಮೇಲಿನವರಿಗೆ ಹೇಳುವುದು ಇದಕ್ಕಿಂತ ಕಷ್ಟ. 2015ರ ಅಕ್ಟೋಬರ್ 1ರಂದು ಅಮೆರಿಕದ ಎಲ್ ಫಾರೊ ಹಡಗು ಹ್ವಾಕಿನ್ ಚಂಡಮಾರುತಕ್ಕೆ ಸಿಕ್ಕಿ ಮುಳುಗಿ, ಅದರಲ್ಲಿದ್ದ 33 ಮಂದಿಯೂ ಸತ್ತರು. 4,500 ಮೀಟರಿಗೂ ಆಳದಿಂದ ಮೇಲೆತ್ತಿದ ರೆಕಾರ್ಡರಿನಲ್ಲಿ ಸುಮಾರು 26 ಗಂಟೆಗಳ ಬ್ರಿಜ್ಜಿನ ಮಾತು ಉಳಿದಿತ್ತು. ರಾತ್ರಿ ವಾಚಿನಲ್ಲಿದ್ದ ಥರ್ಡ್ ಮೇಟ್, ಆಮೇಲೆ ಸೆಕೆಂಡ್ ಮೇಟ್, ಇಬ್ಬರೂ ಕ್ಯಾಪ್ಟನ್‌ಗೆ ಫೋನ್ ಮಾಡಿ ಚಂಡಮಾರುತದ ಹಾದಿಗೆ ಹಡಗು ಹತ್ತಿರವಾಗುತ್ತಿದೆ ಎಂದು ತಿಳಿಸಿದ್ದರು, ದಾರಿ ಬದಲಿಸುವ ಸೂಚನೆಯೂ ಕೊಟ್ಟಿದ್ದರು. ಕ್ಯಾಪ್ಟನ್ ದಾರಿ ಬದಲಿಸಲಿಲ್ಲ, ಆಗ ಬ್ರಿಜ್ಜಿಗೂ ಬರಲಿಲ್ಲ. ಅವರಿಬ್ಬರೂ ಹೇಳಿದ್ದು ಸರಿಯಿತ್ತು, ಹೇಳಿದ ರೀತಿಯಲ್ಲಿ ಒತ್ತಾಯ ಇರಲಿಲ್ಲ. ಆ ಸಂಭಾಷಣೆಯ ಲಿಖಿತ ರೂಪ ಸಾರ್ವಜನಿಕವಾಗಿ ಸಿಗುತ್ತದೆ, ಓದಿ. ಓದುವುದು ಸುಲಭವಲ್ಲ, ನನಗೆ ಪ್ರತಿ ಸಲವೂ ಹೊಟ್ಟೆ ಕಿವುಚುತ್ತದೆ. ಚೀಫ್ ಆಫೀಸರ್ ಆಗುವವರು ಅದನ್ನು ಎರಡು ಸಲ ಓದಬೇಕು: ಫೋನ್ ಮಾಡುವವರಾಗಿ ಒಮ್ಮೆ, ಮಲಗಿದಲ್ಲಿಂದ ಫೋನ್ ಎತ್ತುವವರಾಗಿ ಇನ್ನೊಮ್ಮೆ.

ಡ್ರಿಲ್ ಬಗ್ಗೆ ಒಂದೇ ಸಲಹೆ. ಶನಿವಾರ ಮಧ್ಯಾಹ್ನ, ಗ್ಯಾಲಿಯಲ್ಲಿ ಬೆಂಕಿ, ಎಲ್ಲರೂ ಹೆಲ್ಮೆಟ್ ಸಮೇತ ತಯಾರು, ಇಂಥ ಡ್ರಿಲ್ ರಿಜಿಸ್ಟರಿಗೆ ಮಾತ್ರ. 2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ವಾನ್ ಹೈ 503 ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ ಹಡಗಿನಲ್ಲಿದ್ದವರು 22 ಮಂದಿ. ಪಾರಾದ 18 ಮಂದಿಯನ್ನು ನೌಕಾಪಡೆ ಮಂಗಳೂರಿಗೆ ತಂದಿತು, ನಾಲ್ವರು ಕಾಣೆಯಾದರು. ಆ ಸುದ್ದಿ ಓದಿದ ಮೇಲೆ ನಾನು ಡ್ರಿಲ್ಲಿನ ಅಭ್ಯಾಸದಲ್ಲಿ ಒಂದು ಬದಲಾವಣೆ ಮಾಡಿಸುತ್ತಿದ್ದೇನೆ. ಮಸ್ಟರ್‌ಗೆ, ಅಂದರೆ ಎಲ್ಲರೂ ಸೇರಿ ತಲೆ ಎಣಿಸುವಲ್ಲಿಗೆ, ನಾಲ್ವರನ್ನು ಬರಗೊಡದೆ ಒಂದು ಕ್ಯಾಬಿನ್ನಿನಲ್ಲಿ ಕೂರಿಸುತ್ತೇನೆ, ಅವರಲ್ಲಿ ಒಬ್ಬರು ಫೈರ್ ಪಾರ್ಟಿಯ ಲೀಡರ್. ಲೆಕ್ಕ ತಪ್ಪಿದ್ದು ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಆ ಜಾಗಕ್ಕೆ ಯಾರು ನಿಲ್ಲುತ್ತಾರೆ, ಬೆಂಕಿ ಆರಿಸಲು ಉಸಿರುಗಟ್ಟಿಸುವ ಸಿಒಟು ಅನಿಲ ಬಿಡುವ ಮೊದಲು ಆ ನಾಲ್ವರ ಬಗ್ಗೆ ಯಾರು ಕೇಳುತ್ತಾರೆ ಎಂದು ನೋಡುತ್ತೇನೆ. ನೀವೂ ಮಾಡಿಸಿ, ಕ್ಯಾಪ್ಟನ್ನರಿಗೆ ಮೊದಲೇ ತಿಳಿಸಿ.

ಉಳಿದವು ಚುಟುಕಾಗಿ. ತಿಂಗಳಿಗೆ ಇಷ್ಟು ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ವರದಿ ಬೇಕೆಂದು ಆಫೀಸು ಲೆಕ್ಕ ಕೇಳಿದರೆ “ಗ್ಲೌಸ್ ಹಾಕಿರಲಿಲ್ಲ” ಎಂಬ ವರದಿಗಳೇ ತುಂಬುತ್ತವೆ. ನೀವು ನಿಜವಾದ ಒಂದೇ ಒಂದನ್ನು ಬರೆಸಿ. ಐದು ಅಥವಾ ಹೆಚ್ಚು ಮಂದಿ ಇರುವ ಹಡಗಿನಲ್ಲಿ ಸೇಫ್ಟಿ ಕಮಿಟಿ ಇರಬೇಕೆಂದು ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದವಾದ ಎಂಎಲ್‌ಸಿ ಹೇಳುತ್ತದೆ. ಅದರ ಸಭೆಯಲ್ಲಿ ಹಿಂದಿನ ತಿಂಗಳು ಕೇಳಿದ್ದು ಏನಾಯಿತು ಎಂಬುದರಿಂದಲೇ ಶುರು ಮಾಡಿ. ವಿಶ್ರಾಂತಿಯ ಲೆಕ್ಕ 24 ಗಂಟೆಯಲ್ಲಿ ಕನಿಷ್ಠ 10, ಏಳು ದಿನದಲ್ಲಿ 77. ಇದನ್ನು ಮೊದಲು ಮುರಿಯುವವರು ಲೋಡಿಂಗ್ ಬಂದರಿನಲ್ಲಿರುವ ಚೀಫ್ ಆಫೀಸರ್‌ಗಳೇ. ಶೀಟನ್ನು ಸರಿಹೊಂದಿಸಿ ಬರೆಯಬೇಡಿ. ಒಮ್ಮೆ ಸುಳ್ಳು ಬರೆದರೆ ಕೈಕೆಳಗಿನವರ ಶೀಟಿನ ಬಗ್ಗೆ ಕೇಳುವ ಬಾಯಿ ಉಳಿಯುವುದಿಲ್ಲ.

ಇನ್ನು ನಿಮ್ಮ ಎರಡು ತಿಂಗಳು. ಬ್ರಿಟನ್ನಿನ ಎಂಎಐಬಿ, ಅಮೆರಿಕದ ಎನ್‌ಟಿಎಸ್‌ಬಿ, ಆಸ್ಟ್ರೇಲಿಯದ ಎಟಿಎಸ್‌ಬಿ ಹಡಗು ಅಪಘಾತಗಳ ತನಿಖಾ ವರದಿಗಳನ್ನು ಪುಕ್ಕಟೆಯಾಗಿ ಪ್ರಕಟಿಸುತ್ತವೆ. ವಾರಕ್ಕೊಂದೆರಡು ಓದಿ, ಆದರೆ ಕೊನೆ ಪುಟದಿಂದಲ್ಲ. ಘಟನಾವಳಿಯನ್ನು ಓದುತ್ತ ಹೋಗಿ, “ಇಲ್ಲಿ ನಾನಿದ್ದರೆ ನಿಲ್ಲಿಸುತ್ತಿದ್ದೆ” ಅನಿಸಿದ ಕಡೆ ಪುಸ್ತಕ ಮುಚ್ಚಿ, ಯಾರಿಗೆ ಯಾವ ಮಾತು ಹೇಳುತ್ತಿದ್ದಿರಿ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಮುಂದೆ ಓದಿ. ಒಬ್ಬ ಗೆಳೆಯ ಆಫೀಸರ್ ಸಿಕ್ಕಿದರೆ ಅವನನ್ನು ಕ್ಯಾಪ್ಟನ್ ಮಾಡಿ ಆ ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡಿ. ಕೋರ್ಸ್ ಮಾಡಲೇಬೇಕೆಂದಿದ್ದರೆ ಸಂಸ್ಥೆಗೆ ಮೊದಲೇ ಫೋನ್ ಮಾಡಿ ಕೇಳಿ: ಮುಚ್ಚಿದ ಜಾಗದಿಂದ ಎತ್ತುವುದನ್ನು ಕೈಯಾರೆ ಮಾಡಿಸುತ್ತೀರಾ, ಅಪಘಾತದ ತನಿಖೆ ಮಾಡುವುದನ್ನು ಕಲಿಸುತ್ತೀರಾ, ಅಥವಾ ಪ್ರೊಜೆಕ್ಟರ್ ಮಾತ್ರವೇ? ಪ್ರೊಜೆಕ್ಟರ್ ಮಾತ್ರ ಎಂದಾದರೆ ಬಿಡಿ.

ಕಂಪನಿಯ ಬಳಿ ಕೇಳಬೇಕಾದದ್ದು ಒಂದೇ: ಹಳೆಯ ಚೀಫ್ ಆಫೀಸರ್ ಜೊತೆ ಕೆಲವು ದಿನವಾದರೂ ಹಡಗಿನಲ್ಲಿ ಒಟ್ಟಿಗೆ ಇರುವ ಅವಕಾಶ. ಬಂದರಿನಲ್ಲಿ ಅವರು ಇಳಿಯುವ ನೀವು ಹತ್ತುವ ಎರಡು ಗಂಟೆಯಲ್ಲಿ ಹ್ಯಾಂಡೋವರ್ ಮುಗಿಸಬೇಡಿ, ಮೊದಲ ಸಲ ಚೀಫ್ ಆಗುವವರಿಗೆ ಇದನ್ನು ಕೇಳುವ ಪೂರ್ಣ ಹಕ್ಕಿದೆ. ಸಿಗದಿದ್ದರೆ ಆ ಎರಡು ಗಂಟೆಯಲ್ಲಿ ಫೈಲುಗಳನ್ನು ಬದಿಗಿಟ್ಟು ಅವರ ಜೊತೆ ಡೆಕ್ ಸುತ್ತಿ, ಬೋಸನ್ನರನ್ನೂ ಕರೆದುಕೊಳ್ಳಿ. ಗ್ಯಾಸ್ ಮೀಟರಿನ ಕ್ಯಾಲಿಬ್ರೇಶನ್ ತಾರೀಕು, ಟ್ಯೂಬಿನ ಉದ್ದ, ಲೈಫ್‌ಬೋಟ್ ಹುಕ್ಕಿನ ಸ್ಥಿತಿ, ತುಕ್ಕು ಹಿಡಿದ ಏಣಿಯ ಮೆಟ್ಟಿಲುಗಳು, ಕೇಳಿದರೂ ಬರದ ಸ್ಪೇರ್ ಸಾಮಾನುಗಳ ಪಟ್ಟಿ ನೋಡಿಕೊಳ್ಳಿ. ಆಮೇಲೆ ಸಹಿ ಹಾಕಿ.